ಚಂದ್ರಿ ಒಪ್ಪಿದ ಪಾಪ್ ಹಾಡು

ಸುಗಟೂರಿನ ಮುನಿಕೃಷ್ಣ ಉಪ್ಪಿಟ್ಟಿನ ತಟ್ಟೆ ಪಕ್ಕಕ್ಕಿಟ್ಟು ಘೋಷಿಸಿಯೇಬಿಟ್ಟ. "ಇನ್ಮೇಲೆ ನನ್ನ ಹಾಡನ್ನ ಮರ್ಯಾದೆ ಕೊಡೋರ ಮುಂದೇನೇ ಹಾಕ್ತೀನಿ. ಈ ಮನೇಲಿ ಹಾಕಲ್ಲ."

"ಮೊದ್ಲು ಆ ಕೆಲ್ಸ ಮಾಡ್ರೀ" ಎಂದಳು ಹೆಂಡತಿ ವೆಂಕಟಲಕ್ಷ್ಮಿ.

ಅವನ ಹಾಡು ಎಂದರೆ ಒಂದೇ ಒಂದು ಇಂಗ್ಲಿಷ್ ಪಾಪ್ ಹಾಡು. ಕೋಲಾರದಲ್ಲಿ ಪಿಯುಸಿ ಓದುವಾಗ ಗೆಳೆಯನ ಟೇಪ್‌ರೆಕಾರ್ಡರಿನಲ್ಲಿ ಕೇಳಿ ಮರುಳಾದವನು, ಪಿಯುಸಿಯನ್ನು ಬಿಟ್ಟರೂ ಹಾಡನ್ನು ಬಿಡಲಿಲ್ಲ. ಕ್ಯಾಸೆಟ್ ಹೋಗಿ ಸಿಡಿ ಬಂತು, ಸಿಡಿ ಹೋಗಿ ಮೊಬೈಲು ಬಂತು, ಹಾಡು ಮಾತ್ರ ಅದೇ. ಗಾಯಕ ಗಿಟಾರು ಬಾರಿಸುತ್ತ "ಬೇಬಿ, ರನ್ ಅವೇ" ಎಂದು ಗೋಗರೆಯುತ್ತಾನೆ. ಉಳಿದ ಸಾಲುಗಳು ಮುನಿಕೃಷ್ಣನಿಗೆ ಇವತ್ತಿಗೂ ಅರ್ಥವಾಗಿಲ್ಲ. ಅರ್ಥವಾಗದ್ದರಿಂದಲೇ ಇಷ್ಟು ಪ್ರೀತಿ ಎಂಬುದು ಹೆಂಡತಿಯ ಆರೋಪ.

ಮರ್ಯಾದೆ ಕೊಡುವವರು ಕೊಟ್ಟಿಗೆಯಲ್ಲೇ ಸಿಕ್ಕರು. ಕೋಲಾರದ ಟೈರ್ ಅಂಗಡಿಗೆ ಕೆಲಸಕ್ಕೆ ಹೊರಡುವ ಮೊದಲು ಸೀಮೆಹಸು ಚಂದ್ರಿಯ ಹಾಲು ಕರೆಯುವುದು ಅವನ ಪಾಲಿನ ಕೆಲಸ. ಜೇಬಿನ ಮೊಬೈಲಿನಲ್ಲಿ ಹಾಡು ಹಾಕಿಕೊಂಡು ಕೂತರೆ ಚಂದ್ರಿ ಕಣ್ಣು ಅರೆಮುಚ್ಚಿ ಮೆಲುಕು ಹಾಕುತ್ತಿತ್ತು. ಬರಬರುತ್ತ ಹಾಲೂ ಹೆಚ್ಚಿತು. ಡೇರಿಯಲ್ಲಿ ಕೇಳಿದವರಿಗೆಲ್ಲ ಮುನಿಕೃಷ್ಣ, "ಬೂಸಾ ಅಲ್ಲ ಸ್ವಾಮಿ, ಸಂಗೀತ" ಎಂದು ಎದೆಯುಬ್ಬಿಸಿದ. ಮನೆಯಲ್ಲೂ ಸುಮ್ಮನಿರಲಿಲ್ಲ.

"ಕಲೆ ಅಂದ್ರೆ ಏನಂತ ಹಸೂಗೂ ಗೊತ್ತಾಗುತ್ತೆ ಕಣೇ. ಕೆಲವರಿಗೆ ಗೊತ್ತಾಗಲ್ಲ."

"ಅದುಕ್ಕೆ ಎದ್ದು ಹೋಗೋಕಾಗಲ್ವಲ್ಲ ರೀ. ಹಗ್ಗ ಕಟ್ಟಿರ್ತೀರ."

ಒಂದು ಬೆಳಗ್ಗೆ ಅವನು ಬಗ್ಗಿದ್ದೇ ತಡ, ಮೊಬೈಲು ಜೇಬಿನಿಂದ ಜಾರಿ ಕಲಗಚ್ಚಿನ ಬಕೆಟ್ಟಿಗೆ ಬಿತ್ತು. ಗಾಯಕ "ಬೇ..." ಎಂದವನು ಗುಳುಗುಳು ಸದ್ದು ಮಾಡಿ ಅಲ್ಲೇ ಐಕ್ಯನಾದ. ಚಂದ್ರಿ ತಿರುಗಿ ನೋಡಿತು. ಹಾಲು ನಿಂತುಹೋಯಿತು. ಮುನಿಕೃಷ್ಣ ಎಷ್ಟು ಜಗ್ಗಿದರೂ ಒಂದು ತೊಟ್ಟು ಇಳಿಯಲಿಲ್ಲ.

ಬೇರೆ ದಾರಿ ಕಾಣದೆ ತಾನೇ ಹಾಡಿದ. "ರನ್ ಅವೇ" ಎಂದು ದನಿ ಏರಿಸಿದ್ದೇ ಚಂದ್ರಿ ಒದ್ದ ಒದೆಗೆ ಹಾಲಿನ ಪಾತ್ರೆ ಒಂದು ಕಡೆ, ಸಂಗೀತಪ್ರೇಮಿ ಒಂದು ಕಡೆ. ಪಕ್ಕದ ಮನೆಯ ಮುದುಕಿ ಅಶ್ವತ್ಥಮ್ಮ ಓಡಿ ಬಂದಳು.

"ಏನಪ್ಪಾ ಮುನಿಕೃಷ್ಣ, ಹಸು ಕಿರುಚ್ತಾ?"

"ನಾನು ಹಾಡಿದ್ದಮ್ಮ."

ಅಶ್ವತ್ಥಮ್ಮ ಕೆಚ್ಚಲು ಮುಟ್ಟಿ ನೋಡಿ ಮುಖ ಗಂಭೀರ ಮಾಡಿದಳು. "ಕಲ್ಲಾಗ್ಬಿಟ್ಟದೆ. ಹಿಂಗೇ ಬಿಟ್ರೆ ಬಾವು ಬಂದ್ಬಿಡ್ತದೆ." ಮುನಿಕೃಷ್ಣನಿಗೆ ಗಾಬರಿಯಾಯಿತು. ಹಾಡಿನ ಚಟ ಹತ್ತಿಸಿದವನು ತಾನೇ ಅಲ್ಲವೇ?

ಗಲಾಟೆ ಕೇಳಿ ವೆಂಕಟಲಕ್ಷ್ಮಿ ಬಂದಳು. ಗಂಡನನ್ನು ಕಣ್ಣಲ್ಲೇ ಪಕ್ಕಕ್ಕೆ ಸರಿಸಿ, ಸೀರೆ ಸಿಕ್ಕಿಸಿ ಕುಕ್ಕರಗಾಲಲ್ಲಿ ಕೂತು, ಚಂದ್ರಿಯ ಮೈಗೆ ಒರಗಿ ಹಾಡತೊಡಗಿದಳು. ಅದೇ ರಾಗ, ಅದೇ ಹಾಡು, ಗಿಟಾರಿನ ಟಿಂಗ್ ಟಿಂಗ್ ಸಮೇತ. ಮುನಿಕೃಷ್ಣ ಬಾಯಿ ಬಿಟ್ಟುಕೊಂಡು ನಿಂತ. ಒಂದೇ ವ್ಯತ್ಯಾಸ. ಗಾಯಕ "ರನ್ ಅವೇ" ಎಂದು ಓಡಿಸುವ ಕಡೆಯೆಲ್ಲ ಇವಳು ತವರಿನ ತೆಲುಗಿನಲ್ಲಿ "ರಾವೇ ಬೇಬಿ, ರಾವೇ", ಅಂದರೆ ಬಾರೇ ಬಾರೇ ಎಂದು ಕರೆಯುತ್ತಿದ್ದಳು. ಚಂದ್ರಿ ಕಣ್ಣು ಅರೆಮುಚ್ಚಿತು. ಪಾತ್ರೆಯಲ್ಲಿ ಸೊರ್ರ್ ಎಂದು ನೊರೆ ಎದ್ದಿತು.

"ನಿಂಗೆ ಯಾವಾಗ ಬಂತೇ ಇದು?"

"ಮದ್ವೆ ಆದಾಗ್ನಿಂದ ಕೇಳ್ತಾ ಇದೀನಿ. ಬರ್ದೆ ಇರೋಕೆ ನಾನೇನು ಗೋಡೇನಾ?"

ಮೊಬೈಲು ರಿಪೇರಿಯಾಗಿ ಬಂದ ದಿನ ಮುನಿಕೃಷ್ಣ ಹುಮ್ಮಸ್ಸಿನಿಂದ ಕೊಟ್ಟಿಗೆಗೆ ಹೋದ. ಅಸಲಿ ಗಾಯಕ ಬಾಯಿ ತೆರೆದದ್ದೇ, ಅಷ್ಟರಲ್ಲಿ ವೆಂಕಟಲಕ್ಷ್ಮಿಯ "ರಾವೇ"ಗೆ ಒಗ್ಗಿಹೋಗಿದ್ದ ಚಂದ್ರಿ ಕಾಲೆತ್ತಿತು. ಅಂದಿನಿಂದ ಕರೆಯುವುದೂ ಹಾಡುವುದೂ ವೆಂಕಟಲಕ್ಷ್ಮಿಯದಾಯಿತು, ಸಗಣಿ ಬಾಚುವುದು ಮಾತ್ರ ಅವನಿಗೆ ಉಳಿಯಿತು.

ಒಂದು ದಿನ ಬಸ್ಸಿಗೆ ಕಾಯುತ್ತ ಮುನಿಕೃಷ್ಣ ಮೊಬೈಲಿನಲ್ಲಿ ಹಾಡು ಹಾಕಿಕೊಂಡಿದ್ದ. ಪಕ್ಕದಲ್ಲಿ ಕೂತ ಅಶ್ವತ್ಥಮ್ಮ ಕಿವಿಗೊಟ್ಟು ಕೇಳಿ, ಬೇಸರದಿಂದ ತಲೆಯಾಡಿಸಿದಳು.

"ಇದ್ಯಾವನಪ್ಪಾ, ನಮ್ಮ ವೆಂಕಟಲಕ್ಷ್ಮಿ ಹಾಡು ಕದ್ದು ತಪ್ಪುತಪ್ಪಾಗಿ ಹಾಡ್ತಾ ಅವ್ನೆ?"

ಗಾಯಕನ ಪರ ವಾದಿಸಲು ಮುನಿಕೃಷ್ಣ ಬಾಯಿ ತೆರೆದ. ಅಷ್ಟರಲ್ಲಿ "ರನ್ ಅವೇ" ಬಂತು. ಅವನಿಗೂ ಅದು ಯಾಕೋ ತಪ್ಪಾಗಿಯೇ ಕೇಳಿಸಿತು.