ಎರಡು ಸ್ಕ್ರೂಗಳ ಕೆಲಸ

ಕೆಟ್ಟದ್ದು ಕಾಲಿಂಗ್ ಬೆಲ್ಲಿನ ಸ್ವಿಚ್ಚು. ಹೊಸ ಸ್ವಿಚ್ಚು ಹೋದ ವರ್ಷವೇ ಮನೆಗೆ ಬಂದು, ಪೊಟ್ಟಣವನ್ನೂ ಬಿಚ್ಚಿಸಿಕೊಳ್ಳದೆ, ಮೇಜಿನ ಮೇಲೆ ಮುನಿಸಿಕೊಂಡ ಬೀಗರಂತೆ ಕುಳಿತಿತ್ತು. ಎರಡು ಸ್ಕ್ರೂ ಬಿಗಿದರೆ ಮುಗಿಯುವ ಕೆಲಸ. ಹೇಗೆಂಬುದು ನಾಳೆಯಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಕೈ ಮಾತ್ರ ಏಳುತ್ತಿರಲಿಲ್ಲ.

ನಾಳೆಯಪ್ಪ ಎಂಬುದು ನೆರೆಹೊರೆಯವರು ಇಟ್ಟ ಹೆಸರು. ಅಚ್ಚುಕೂಟದಲ್ಲಿ ಕರಡು ತಿದ್ದುವ ಅವನು ಪರರ ಒಂದು ಒತ್ತಕ್ಷರವನ್ನೂ ತಪ್ಪಲು ಬಿಟ್ಟವನಲ್ಲ. ತನ್ನ ಮನೆಯಲ್ಲಿ ಒಂದು ಲೋಟ ತೊಳೆಯಲು ಹೊರಟರೆ ಮಧ್ಯಾಹ್ನವಾಗುತ್ತಿತ್ತು. ಇದು ಸೋಮಾರಿತನವಲ್ಲ, ಮಿದುಳಿನಲ್ಲಿ ‘ಹೊರಡು’ ಎನ್ನುವ ಭಾಗವೇ ನಿಧಾನ ಎಂದು ವೈದ್ಯರು ಹೇಳಿದ್ದರು. ಅದನ್ನು ಕೇಳಿದ ನೆರೆಯವರು, “ನಮಗೂ ಹಾಗೇ ಆಗುತ್ತೆ. ಎದ್ದುಬಿಡಬೇಕು, ಅಷ್ಟೆ” ಎಂದಿದ್ದರು.

ಹಿಂದಿನ ಸಲ ಅಕ್ಕ ಬಂದಾಗ ಆ ಸತ್ತ ಸ್ವಿಚ್ಚನ್ನು ಒತ್ತಿ ಒತ್ತಿ ಹಿಂದಿರುಗಿದ್ದಳು. ಅವನು ಒಳಗೇ, ಅವಳಿಗಾಗಿ ಕಾಯುತ್ತ ಕುಳಿತಿದ್ದ. ಸಲಹೆ ಕೊಡಲಿಕ್ಕಲ್ಲದೆ ಅವನ ಮನೆಗೆ ಬರುತ್ತಿದ್ದವಳು ಅವಳೊಬ್ಬಳೇ.

ಇಂದು ಬೆಳಿಗ್ಗೆ ಅವಳ ಫೋನ್ ಬಂತು. “ಸಂಜೆ ರೈಲು ಬದಲಿಸೋ ಮಧ್ಯೆ ಸ್ವಲ್ಪ ಹೊತ್ತು ಸಿಗುತ್ತೆ, ಬರ್ತೀನಿ. ಮಗಳ ಊರಿಗೆ ಹೋದೆ ಅಂದ್ರೆ ಮತ್ತೆ ಈ ಕಡೆ ಯಾವಾಗಲೋ. ಈ ಸಲವಾದರೂ ಬಾಗಿಲು ತೆಗಿಯೋ.”

“ಇವತ್ತೇ ಸ್ವಿಚ್ ಹಾಕ್ತೀನಿ ಅಕ್ಕ.”

ಅವನು ಸ್ವಿಚ್ಚನ್ನು ನೋಡುತ್ತ ಕುಳಿತ. ಸ್ವಿಚ್ಚು ಅವನನ್ನು ನೋಡುತ್ತ ಕುಳಿತಿತು.

ಬಾಗಿಲು ದಡದಡ ಎಂದಿತು. ಕೆಳಮನೆಯ ಡ್ರಿಲ್ ಮೇಷ್ಟರು. “ತಣ್ಣೀರು ಸುರ್ಕೊಳ್ಳಿ ಸ್ವಾಮಿ. ದೇಹ ಎದ್ದರೆ ಕೆಲಸ ತಾನಾಗಿ ಏಳುತ್ತೆ.”

ನಾಳೆಯಪ್ಪ ಸುರಿದುಕೊಂಡ. ಎದ್ದದ್ದು ಸೀನು ಮಾತ್ರ.

ಮತ್ತೆ ದಡದಡ. ಎದುರುಮನೆಯ ಟೈಲರಮ್ಮ. “ಈ ಗಲೀಜಲ್ಲಿ ಯಾರಿಗೆ ಕೈ ಓಡುತ್ತೆ? ಮೊದಲು ಮೇಜು ಖಾಲಿ ಮಾಡಿ, ಮನಸ್ಸೂ ಹಗುರ ಆಗುತ್ತೆ.”

ಮೇಜು ಖಾಲಿಯಾಯಿತು. ಸ್ಕ್ರೂಡ್ರೈವರ್ ಯಾವ ರಾಶಿಯಡಿ ಸೇರಿತೋ, ಅದನ್ನು ಹುಡುಕುವಷ್ಟರಲ್ಲಿ ಮನೆ ಉತ್ತ ಹೊಲದಂತಾಯಿತು. ಸಲಹೆಗಳು ದೊಡ್ಡವೇ, ಆದರೆ ಸೊನ್ನೆಯನ್ನು ಯಾವುದರಿಂದ ಗುಣಿಸಿದರೇನು.

ಮೂರನೆಯ ದಡದಡ ಮೇಲ್ಮನೆಯ ವಿಮಾ ಏಜೆಂಟರದು. “ಫೋಕಸ್ ಬೇಕು ಸಾರ್. ಫೋನ್ ಆಫ್ ಮಾಡಿ ಬೀರುವಿಗೆ ಹಾಕಿ, ಕಿವಿಗೆ ಹತ್ತಿ ಇಟ್ಕೊಳ್ಳಿ. ತಟ್ಟಿದವರಿಗೆಲ್ಲ ಬಾಗಿಲು ತೆಗೆದೇ ನಿಮ್ಮ ಬಾಳು ಹೀಗಾಗಿರೋದು.”

“ಈಗ ನಿಮಗೂ ತೆಗೆದೆನಲ್ಲ.”

“ಅದನ್ನೇ ಹೇಳ್ತಿರೋದು.”

ವಿಚಿತ್ರವೆಂದರೆ, ಇದು ಫಲಿಸಿತು. ಫೋನು ಬೀರು ಸೇರಿ, ಹತ್ತಿಯ ಮೌನದಲ್ಲಿ ಕೈ ಎದ್ದಿತು. ಮೇನ್ ಆಫ್ ಮಾಡಿ, ಚಾಕುವಿನ ತುದಿಯಿಂದಲೇ ಸ್ಕ್ರೂ ಬಿಗಿದ. ಕರೆಂಟು ಕೊಟ್ಟು ಒತ್ತಿದರೆ ಬೆಲ್ಲು ಹತ್ತಿಯನ್ನೂ ತೂರಿ ಕೂಗಿತು.

ಬಾಗಿಲು ಹಾಕಿ, ಬೆಲ್ಲಿನ ಕೆಳಗೇ ಕುರ್ಚಿ ಎಳೆದು ಕುಳಿತ. ಇನ್ನೊಂದು ಕುರ್ಚಿಯ ಬಟ್ಟೆಗಳನ್ನು ನೆಲಕ್ಕಿಳಿಸಿ, ಅದನ್ನು ಅಕ್ಕನಿಗೆಂದು ಎದುರಿಗಿಟ್ಟ. ಹತ್ತಿ ತೆಗೆಯಲಿಲ್ಲ, ತೆಗೆದರೆ ನಾಲ್ಕನೆಯ ಸಲಹೆ ಒಳಗೆ ಬಂದೀತು.

ಸಂಜೆ ಬಾಗಿಲು ಅದುರಿತು. ತಟ್ಟುವವರು ಸಲಹೆಗಾರರು, ಅಕ್ಕನಾದರೆ ಬೆಲ್ ಒತ್ತುತ್ತಾಳೆ. ಲೆಕ್ಕ ಸರಿಯಾಗಿತ್ತು. ಅವನು ಅಲುಗಲಿಲ್ಲ. ಬಾಗಿಲು ಬಹಳ ಹೊತ್ತು ಅದುರಿ ಸುಮ್ಮನಾಯಿತು. ತನಗೂ ಮನೋಬಲವಿದೆಯಲ್ಲ ಎಂದು ಅವನು ಹಿಗ್ಗಿದ.

ಕತ್ತಲಾಗುವ ಹೊತ್ತಿಗೆ ಬೆಲ್ಲು ಕೂಗಿತು. ಮುಖವೆಲ್ಲ ನಗುವಾಗಿ ಬಾಗಿಲು ತೆರೆದ. ನಿಂತಿದ್ದವರು ಟೈಲರಮ್ಮ. ಅವರ ತುಟಿ ಅಲುಗುತ್ತಿತ್ತು. ಅವನು ಹತ್ತಿ ತೆಗೆದ.

“ಎಲ್ಲಿ ಹೋಗಿದ್ರಿ? ನಿಮ್ಮಕ್ಕ ಬಂದಿದ್ರು. ಬೆಲ್ ಒತ್ತೋಕೆ ಹೋದ್ರು, ನಾನೇ ಕೈ ಹಿಡಿದು ತಡೆದೆ. ಅದು ಸತ್ತು ವರ್ಷವಾಯ್ತು, ತಟ್ಟಿ ಅಂದೆ. ಪಾಪ, ಅಂಗೈ ಕೆಂಪಾಗೋ ಹಾಗೆ ತಟ್ಟಿದ್ರು. ಫೋನೂ ಸಿಗಲಿಲ್ಲವಂತೆ. ರೈಲಿಗೆ ಹೊತ್ತಾಯ್ತು ಅಂತ ಹೊರಟುಹೋದ್ರು. ಈಗ ನೋಡ್ತೀನಿ, ಸ್ವಿಚ್ಚು ಬೆಳ್ಳಗೆ ಹೊಳೀತಿದೆ. ನೋಡಿದ್ರಾ, ಮನಸ್ಸು ಮಾಡಿದರೆ ಎಷ್ಟು ಸುಲಭ?”

“ಫೋನ್ ಬೀರುವಲ್ಲಿದೆ” ಎಂದ ನಾಳೆಯಪ್ಪ.

“ಅದಕ್ಯಾಕೆ ಮುಖ ಸಣ್ಣ ಮಾಡ್ತೀರಿ? ಬೀರು ತೆಗೆದು ಒಂದು ಫೋನ್ ಮಾಡಿಬಿಡಿ. ಎಷ್ಟು ಹೊತ್ತಿನ ಕೆಲಸ?” ಎಂದು ಅವರು ತಮ್ಮ ಮನೆಗೆ ನಡೆದರು.

ಅವನು ಖಾಲಿ ಕುರ್ಚಿಯ ಎದುರಿಗೆ, ಬೀರುವನ್ನು ನೋಡುತ್ತ ಕುಳಿತ. ಬೀರು ಅವನನ್ನು ನೋಡುತ್ತ ನಿಂತಿತು.