ನಮ್ಮತ್ತೆ ಬ್ರೆಡ್ ಹುಡುಕಿದ್ದು

ವಿಜಯನಗರದಿಂದ ಕೆಂಗೇರಿಯವರೆಗಿನ ಬೇಕರಿಯವರು ಹೆದರುವುದು ಇಬ್ಬರಿಗೆ. ಒಬ್ಬರು ಹೆಲ್ತ್ ಇನ್ಸ್‌ಪೆಕ್ಟರು, ಇನ್ನೊಬ್ಬರು ನಮ್ಮತ್ತೆ. ಇನ್ಸ್‌ಪೆಕ್ಟರಾದರೂ ವರ್ಷಕ್ಕೊಮ್ಮೆ ಬಂದು ಹೋಗುತ್ತಾರೆ. ನಮ್ಮತ್ತೆ ಪ್ರತಿ ಶನಿವಾರ ಹೋಗುತ್ತಾರೆ.

ಅತ್ತೆ ಎಂದರೆ ಹೆಂಡತಿಯ ತಾಯಿ ಎಂದುಕೊಂಡು ನಗಬೇಡಿ. ಇವರು ನನ್ನ ತಂದೆಯ ತಂಗಿ. ಮದುವೆಯಾಗಲಿಲ್ಲ. ಮೂವತ್ತು ವರ್ಷ ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದರು. ಈಗ ವಿಜಯನಗರದ ನಮ್ಮ ಮನೆಯ ಕೆಳಗಿನ ಭಾಗದಲ್ಲಿದ್ದಾರೆ, ಮೇಲಿನ ಭಾಗದಲ್ಲಿ ನಾನು ಮತ್ತು ನನ್ನ ಹೆಂಡತಿ. ನಿವೃತ್ತಿಯಾದದ್ದು ಕೆಲಸದಿಂದ ಮಾತ್ರ, ವಿಜ್ಞಾನದಿಂದಲ್ಲ. ಹಾಲಿನವನು ಬಂದರೆ ಲ್ಯಾಕ್ಟೋಮೀಟರ್ ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದರು. ನಾವು ಪ್ಯಾಕೆಟ್ ಹಾಲಿಗೆ ಬದಲಾದದ್ದು ಆರೋಗ್ಯದ ದೃಷ್ಟಿಯಿಂದಲ್ಲ, ಹಾಲಿನವನು ಬರುವುದನ್ನು ನಿಲ್ಲಿಸಿದ್ದರಿಂದ.

ಬ್ರೆಡ್ಡಿನ ರಾಮಾಯಣಕ್ಕೆ ಮಾತ್ರ ಕಾರಣ ನಾನೇ. ಹೋದ ವರ್ಷ ನನಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾಯಿತು. ಡಾಕ್ಟರು ಸಿಹಿ ಬಿಡಿ ಎಂದರು, ಸರಿ ಎಂದೆ. ಅನ್ನ ಕಡಿಮೆ ಮಾಡಿ ಎಂದರು, ಅದಕ್ಕೂ ತಲೆಯಾಡಿಸಿದೆ. ಬಿಳಿ ಬ್ರೆಡ್ ಮುಟ್ಟಬೇಡಿ ಎಂದಾಗ ಮಾತ್ರ ಬೇರೆ ಡಾಕ್ಟರನ್ನು ಕೇಳೋಣವೇ ಎಂದು ಯೋಚಿಸಿದೆ. ನಾನು ನಾಗರಬಾವಿಯ ಕಡೆ ಒಂದು ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಪಾಠ ಮಾಡುವವನು. ಮೊದಲ ಕ್ಲಾಸು ಬೆಳಿಗ್ಗೆ ಎಂಟಕ್ಕೆ. ಅಷ್ಟು ಹೊತ್ತಿಗೆ ನನ್ನ ಹೆಂಡತಿ ಆಫೀಸಿನ ಬಸ್ಸಿನಲ್ಲಿ ಅರ್ಧ ಊರು ದಾಟಿರುತ್ತಾಳೆ. ಹದಿನೈದು ವರ್ಷದಿಂದ ನನ್ನ ತಿಂಡಿ ಎಂದರೆ ನಾನೇ ಮಾಡಿಕೊಳ್ಳುವ ಸ್ಯಾಂಡ್‌ವಿಚ್ಚು: ಎರಡು ಸ್ಲೈಸಿನ ನಡುವೆ ಸೌತೆಕಾಯಿ, ಟೊಮೆಟೊ, ಕೊತ್ತಂಬರಿ ಚಟ್ನಿ.

"ಜೋಳದ ರೊಟ್ಟಿ ತಟ್ಟಿ ಕೊಡ್ತೀನಿ, ತಿನ್ಕೊಂಡು ಹೋಗು" ಎಂದರು ಅತ್ತೆ.

"ಬೇಡ ಅತ್ತೆ."

"ಯಾಕೋ?"

"ಅದು ಸ್ಯಾಂಡ್‌ವಿಚ್ ಥರ ಇರಲ್ಲ."

ನಲವತ್ತೈದು ದಾಟಿದವನು ಆಡುವ ಮಾತೇ ಇದು? ಅತ್ತೆ ನನ್ನ ಮುಖವನ್ನೇ ನೋಡಿದರು. ಅವರಿಗೆ ಬ್ರೆಡ್ಡೆಂದರೆ ಜ್ವರ ಬಂದವರಿಗೆ ಹಾಲಿನಲ್ಲಿ ಅದ್ದಿ ಕೊಡುವ ವಸ್ತು. ಆರೋಗ್ಯವಾಗಿರುವವರು ಅದನ್ನು ತಿನ್ನುವುದೇ ಅವರಿಗೆ ಸೋಜಿಗ. ಆದರೂ, "ಸರಿ, ಹುಡುಕೋಣ. ಮೈಗೂ ಒಳ್ಳೇದಿರ್ಬೇಕು, ಬಾಯಿಗೂ ರುಚಿ ಇರ್ಬೇಕು. ಅಂಥಾ ಬ್ರೆಡ್ ಈ ಊರಲ್ಲಿ ಎಲ್ಲೋ ಒಂದು ಕಡೆ ಇದ್ದೇ ಇರುತ್ತೆ" ಎಂದರು.

ಅಂದಿನಿಂದ ಪ್ರತಿ ಶನಿವಾರ ನನ್ನ ಸ್ಕೂಟರಿನ ಹಿಂದೆ ಅತ್ತೆ, ಅತ್ತೆಯ ಕೈಚೀಲದಲ್ಲಿ ಒಂದು ಭೂತಗನ್ನಡಿ.

ಮೊದಲು ರಾಜಾಜಿನಗರದ ಒಂದು ದೊಡ್ಡ ಅಂಗಡಿ. ಅಲ್ಲಿ ಬ್ರೆಡ್ಡಿಗೇ ಒಂದು ಗೋಡೆ ಮೀಸಲು. ಅತ್ತೆ ಒಂದೊಂದೇ ಪ್ಯಾಕೆಟ್ ತೆಗೆದು, ಹಿಂಬದಿಯ ಇರುವೆಯಂಥ ಅಕ್ಷರಗಳನ್ನು ಭೂತಗನ್ನಡಿಯಲ್ಲಿ ಓದತೊಡಗಿದರು. ಮನಸ್ಸಿನಲ್ಲೇ ಓದಿಕೊಂಡರೆ ಯಾರಿಗೇನು ತೊಂದರೆ? ಹಾಜರಿ ಕೂಗಿ ಅಭ್ಯಾಸವಾದ ಬಾಯಿ. "ಮೈದಾ. ಸಕ್ಕರೆ. ಪಾಮ್ ಎಣ್ಣೆ. ಇದ್ಯಾರಿದು, ಬರೀ ನಂಬರು? ಹೆಸರಿಲ್ವಾ ಇವನಿಗೆ?" ಅಕ್ಕಪಕ್ಕದವರು ತಮ್ಮ ಬುಟ್ಟಿಯಲ್ಲಿದ್ದ ಬ್ರೆಡ್ಡನ್ನು ಸದ್ದಿಲ್ಲದೆ ವಾಪಸ್ ಇಡತೊಡಗಿದರು. ಸೆಕ್ಯುರಿಟಿಯವನು ಬಂದು, "ಅಮ್ಮಾ, ಏನಾದ್ರೂ ತಗೊಳ್ತೀರಾ?" ಎಂದ. "ಇಲ್ಲಪ್ಪ. ಇದರಲ್ಲಿ ಯಾರೂ ಪಾಸಾಗಿಲ್ಲ" ಎಂದರು ಅತ್ತೆ. ನಾನು ಆ ಹೊತ್ತಿಗೆ ಸೋಪುಗಳ ವಿಭಾಗದಲ್ಲಿ ನಿಂತು, ಸೋಪುಗಳಲ್ಲಿ ಅಪಾರ ಆಸಕ್ತಿ ಇರುವವನಂತೆ ನಟಿಸುತ್ತಿದ್ದೆ.

ಮುಂದಿನ ವಾರ ಬಸವೇಶ್ವರನಗರದ ಒಂದು ಬೇಕರಿ. ಅಂಗಡಿಯವರು ಕಂದು ಬಣ್ಣದ ಬ್ರೆಡ್ ಮುಂದಿಟ್ಟು, "ಫುಲ್ ಗೋಧಿ ಅಮ್ಮಾ, ಡಾಕ್ಟರುಗಳೇ ತಗೊಂಡು ಹೋಗ್ತಾರೆ" ಎಂದರು.

"ಒಂದು ಲೋಟ ನೀರು ಕೊಡಿ" ಎಂದರು ಅತ್ತೆ.

ಪಾಪ, ವಯಸ್ಸಾದವರಿಗೆ ಬಾಯಾರಿಕೆಯಾಗಿದೆ ಎಂದು ಅವರು ನೀರು ಕೊಟ್ಟರು. ಅತ್ತೆ ಒಂದು ಸ್ಲೈಸನ್ನು ಅದರೊಳಗೆ ಮುಳುಗಿಸಿ ಗಡಿಯಾರ ನೋಡುತ್ತ ನಿಂತರು. ಹಿಂದೆ ಆರೇಳು ಗಿರಾಕಿಗಳು. ಐದು ನಿಮಿಷಕ್ಕೆ ನೀರು ಕಂದು ಬಣ್ಣಕ್ಕೆ ತಿರುಗಿತು. ಅತ್ತೆ ಲೋಟವನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು, "ಗೋಧಿ ಬಣ್ಣ ಬಿಡಲ್ಲ. ಇದು ಡಿಕಾಕ್ಷನ್ನು. ಹಾಲು ಕೊಡಿ, ಕುಡಿದೇ ಹೋಗ್ತೀನಿ" ಎಂದರು. ಗಿರಾಕಿಗಳು ನಕ್ಕರು. ನಾನು ನಗಲಿಲ್ಲ. ರಸ್ತೆಯಾಚೆ ಹೋಗಿ, ಬರದ ಫೋನನ್ನು ಕಿವಿಗಿಟ್ಟುಕೊಂಡು "ಹೂಂ, ಹೂಂ" ಎನ್ನುತ್ತಿದ್ದೆ.

ಕೆಂಗೇರಿಯಲ್ಲಿ ಸಾವಯವ ಅಂಗಡಿಯೊಂದರ ಸಿರಿಧಾನ್ಯದ ಬ್ರೆಡ್ ಎಲ್ಲ ಪರೀಕ್ಷೆಯಲ್ಲೂ ಪಾಸಾಯಿತು, ಹಲ್ಲಿನ ಪರೀಕ್ಷೆಯೊಂದನ್ನು ಬಿಟ್ಟು. ಗಾಳಿಗೆ ಬಡಿದುಕೊಳ್ಳುತ್ತಿದ್ದ ನಮ್ಮ ಹಿಂಬಾಗಿಲಿಗೆ ಅದನ್ನು ಎರಡು ದಿನ ಒತ್ತಿಟ್ಟಿದ್ದೆವು. ಆಮೇಲೆ ಅತ್ತೆ ತಾವೇ ಕುಕ್ಕರಿನಲ್ಲಿ ರಾಗಿ ಬ್ರೆಡ್ ಮಾಡಿದರು. ಅದು ಉಬ್ಬಲಿಲ್ಲ, ಕುಕ್ಕರಿನಿಂದ ಹೊರಬರಲೂ ಇಲ್ಲ. ಕುಕ್ಕರ್ ಹೊಸದು ಬಂತು. ಇಷ್ಟಾದ ಮೇಲಾದರೂ ಅತ್ತೆಗೆ ಬೇಸರ ಬರಬೇಡವೇ? ನನಗೆ ಬಂದಿತ್ತು. "ಸಾಕು ಬಿಡಿ ಅತ್ತೆ, ರೊಟ್ಟಿನೇ ತಿಂತೀನಿ" ಎಂದೆ. "ಮನಸ್ಸಿಲ್ದೆ ತಿಂದ್ರೆ ಮೈಗೆ ಹತ್ತಲ್ಲ ಕಣೋ" ಎಂದು ಸುಮ್ಮನಾದರು.

ಸುಮ್ಮನಾದರು ಎಂದು ನಾನು ತಿಳಿದಿದ್ದೆ. ಎರಡು ವಾರ ಕಳೆದ ಮೇಲೆ ಒಂದು ಶನಿವಾರ ಬೆಳಿಗ್ಗೆ ಸೀರೆ ಉಟ್ಟು, ಹೆಲ್ಮೆಟ್ ಹಾಕಿಕೊಂಡು ಗೇಟಿನಲ್ಲಿ ನಿಂತಿದ್ದರು. ನಾಗರಬಾವಿಯಲ್ಲಿ ಒಂದು ಚಿಕ್ಕ ಬೇಕರಿ ಇದೆಯಂತೆ. ಹೋದ ವಾರ ತಾವೊಬ್ಬರೇ ಬಸ್ಸಿನಲ್ಲಿ ಹೋಗಿ ಅದರ ಯಜಮಾನನ ಹತ್ತಿರ ಮಾತಾಡಿ ಬಂದಿದ್ದಾರಂತೆ. ಗೋಧಿಗೆ ಸ್ವಲ್ಪ ಜೋಳದ ಹಿಟ್ಟು, ಅಗಸೆ ಬೀಜ, ಎಳ್ಳು, ಓಮಕಾಳು ಹಾಕಿ ಒಂದು ಬ್ರೆಡ್ ಮಾಡಿಡಲು ಅವನು ಒಪ್ಪಿದ್ದಾನಂತೆ.

ನಾಗರಬಾವಿ ಎಂದರೆ ನನ್ನ ಕಾಲೇಜಿನ ಆಸುಪಾಸು. ಅಲ್ಲಿ ಬೀದಿಗೆ ಹತ್ತು ಬಾಡಿಗೆ ರೂಮು, ರೂಮಿಗೆ ಮೂವರು ನನ್ನ ವಿದ್ಯಾರ್ಥಿಗಳು. ಆದರೆ ಬೆಳಿಗ್ಗೆ ಹನ್ನೊಂದಕ್ಕೆ, ಅದೂ ಶನಿವಾರ, ಆ ವಯಸ್ಸಿನವರು ಎದ್ದಿರುತ್ತಾರೆಯೇ ಎಂದು ಧೈರ್ಯ ತಂದುಕೊಂಡೆ.

ಎದ್ದಿದ್ದರು. ನಾನು ಸ್ಕೂಟರನ್ನು ನೆರಳಿನಲ್ಲಿ ನಿಲ್ಲಿಸಿ ಬರುವಷ್ಟರಲ್ಲಿ ಅತ್ತೆ ಬೇಕರಿಯ ಒಳಗಿದ್ದರು. ಹೊರಗಿನ ಬೆಂಚಿನ ಮೇಲೆ ನನ್ನ ಕೊನೆಯ ವರ್ಷದ ಕ್ಲಾಸಿನ ನಾಲ್ವರು ಟೀ ಕುಡಿಯುತ್ತ ಕೂತಿದ್ದರು. "ಗುಡ್ ಮಾರ್ನಿಂಗ್ ಸಾರ್" ಎಂದು ಎದ್ದು ನಿಂತರು. ಕ್ಲಾಸಿನಲ್ಲಿ ನಾನು ಭಾರಿ ಶಿಸ್ತಿನ ಮೇಷ್ಟ್ರು. ಇಸ್ತ್ರಿ ಮಾಡಿದ ಅಂಗಿ, ಅಳೆದು ಆಡಿದ ಮಾತು. ನನಗೂ ಒಂದು ಟೀ ಹೇಳಿದರು. ಅವರ ಪಕ್ಕದಲ್ಲೇ ನಿಂತೆ.

ಒಳಗೆ ಅತ್ತೆ ಹೆಲ್ಮೆಟ್ ತೆಗೆದಿರಲಿಲ್ಲ. ತೆಗೆದರೆ ತುರುಬು ಕೆಡುತ್ತದೆ. ಹೆಲ್ಮೆಟ್ಟಿನ ಗಾಜು ಎತ್ತಿ, ಬ್ರೆಡ್ಡನ್ನು ಮೂಗಿನ ಹತ್ತಿರ ಹಿಡಿದು ಮೂಸಿದರು. ಹೆಬ್ಬೆಟ್ಟಿನಿಂದ ಒತ್ತಿ, ಅದು ಮೇಲೇಳುವುದನ್ನು ಭೂತಗನ್ನಡಿಯಲ್ಲಿ ನೋಡಿದರು. ಆಮೇಲೆ ಬೇಕರಿಯವನಿಗೆ, "ಎಲ್ಲಿ, ಕೈ ಚಾಚು. ಉಗುರು ತೋರ್ಸು" ಎಂದರು. ನಲವತ್ತು ವರ್ಷದ ಆ ಗಂಡಸು ಮೂರನೇ ಕ್ಲಾಸಿನ ಮಗುವಿನ ಹಾಗೆ ಎರಡೂ ಕೈ ಚಾಚಿದ.

ಬೆಂಚಿನ ಮೇಲೆ ನಗು ಶುರುವಾಯಿತು. "ಮಗಾ, ಅಜ್ಜಿ ನೋಡೋ. ಬೇಗ ವಿಡಿಯೋ ಮಾಡು" ಎಂದ ಒಬ್ಬ. ಇನ್ನೊಬ್ಬ ಫೋನ್ ತೆಗೆದು ಹಿಡಿದ. ಮೂರನೆಯವನು ನನ್ನ ಕಡೆ ತಿರುಗಿ, ಮರ್ಯಾದೆಯಿಂದಲೇ ಕೇಳಿದ: "ಸಾರ್, ಅವರು ನಿಮ್ಮ ಜೊತೆ ಬಂದ್ರಾ?"

"ನನ್ ಜೊತೆನಾ? ಇಲ್ಲಪ್ಪ" ಎಂದೆ. "ಯಾರೋ ಏನೋ."

ಅಷ್ಟೇ ಹೇಳಿದ್ದರೆ ಬೇರೆ ಮಾತು. ಅವರು ನಗುತ್ತಿದ್ದರಲ್ಲ, ಜೊತೆಗೆ ನಾನೂ ಸ್ವಲ್ಪ ನಕ್ಕೆ.

ಬೇಕರಿಯ ಬಾಗಿಲಿಗೂ ಬೆಂಚಿಗೂ ನಾಲ್ಕು ಹೆಜ್ಜೆ. ಅತ್ತೆ ಬ್ರೆಡ್ಡಿನ ಪೊಟ್ಟಣ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಒಂದು ಕ್ಷಣ ನನ್ನನ್ನು ನೋಡಿದರು. ಆಮೇಲೆ, "ಸ್ವಲ್ಪ ದಾರಿ ಬಿಡಿ ಸಾರ್" ಎಂದರು. ನಾನು ದಾರಿ ಬಿಟ್ಟೆ. ಸ್ಕೂಟರಿನ ಕಡೆ ತಿರುಗಿಯೂ ನೋಡದೆ, ಹೆಲ್ಮೆಟ್ ಹಾಕಿಕೊಂಡೇ, ಬ್ರೆಡ್ಡನ್ನು ಎದೆಗೊತ್ತಿಕೊಂಡು, ಬಿಸಿಲಿನಲ್ಲಿ ಮುಖ್ಯರಸ್ತೆಯ ಕಡೆ ನಡೆದು ಹೋದರು.

ಆ ಟೀಯನ್ನು ನಾನು ಹೇಗೆ ಕುಡಿದು ಮುಗಿಸಿದೆನೋ ತಿಳಿಯದು. ಹುಡುಗರಿಗೆ ಪರೀಕ್ಷೆಯ ಬಗ್ಗೆ ಏನೋ ಬುದ್ಧಿ ಹೇಳಿದೆ, ಅದು ಮಾತ್ರ ನೆನಪಿದೆ. ಆಮೇಲೆ ಸ್ಕೂಟರ್ ಹತ್ತಿ ಹೊರಟೆ. ಅತ್ತೆ ಎರಡು ತಿರುವು ದಾಟಿ ಒಂದು ಕಾಂಪೌಂಡಿನ ಪಕ್ಕ ನಿಂತಿದ್ದರು. ಬೈಯುತ್ತಾರೆ, ಬೈದರೆ ಬದುಕಿದೆ ಎಂದುಕೊಂಡೆ.

"ನೀನು ಈ ಕಡೆ ಬಂದಿದ್ದು ಹುಡುಗ್ರು ನೋಡ್ಲಿಲ್ಲ ತಾನೆ?" ಎಂದರು. "ಅದಕ್ಕೇ ಇಷ್ಟು ದೂರ ಬಂದೆ."

ಅವರನ್ನು ಕೂರಿಸಿಕೊಂಡು ಸ್ಕೂಟರನ್ನು ಬಂದ ದಾರಿಗೇ ತಿರುಗಿಸಿದೆ. "ಎಲ್ಲಿಗೋ? ಮನೆ ಈ ಕಡೆ" ಎನ್ನುತ್ತಲೇ ಇದ್ದರು. ಹುಡುಗರ ಮುಂದೆ ಅವರ ಕೈ ಹಿಡಿದು ನಿಲ್ಲಬೇಕು, ಆ ವಿಡಿಯೋ ಅಳಿಸಿ ಎನ್ನಬೇಕು, ಅಷ್ಟೇ ತಲೆಯಲ್ಲಿತ್ತು. ಹೋಗಿ ನೋಡಿದರೆ ಬೆಂಚು ಖಾಲಿ. ಐದು ಟೀ ಲೋಟಗಳು ಮಾತ್ರ ಇದ್ದವು.

ಅತ್ತೆ ಸ್ಕೂಟರಿನಿಂದ ಇಳಿಯಲಿಲ್ಲ. ನಾನೊಬ್ಬನೇ ಒಳಗೆ ಹೋದೆ. ಹೇಳಲು ಉಳಿದವನು ಬೇಕರಿಯವನೊಬ್ಬನೇ. "ಈಗ ಬ್ರೆಡ್ ತಗೊಂಡು ಹೋದ್ರಲ್ಲ, ಅವರು ನಮ್ಮತ್ತೆ" ಎಂದೆ.

"ಗೊತ್ತು ಸಾರ್" ಎಂದ ಅವನು. "ಹೋದ ವಾರ ಬಂದಾಗ್ಲೇ ಫೋನಲ್ಲಿ ನಿಮ್ ಫೋಟೋ ತೋರ್ಸಿದ್ರು. ನಮ್ಮಣ್ಣನ ಮಗ, ಇಲ್ಲೇ ಕಾಲೇಜಲ್ಲಿ ಮೇಷ್ಟ್ರು, ಅವನಿಗೇ ಈ ಬ್ರೆಡ್ಡು, ಚೆನ್ನಾಗಿ ಮಾಡಪ್ಪಾ ಅಂದಿದ್ರು."

ಅವನು ಬಟ್ಟೆ ತೆಗೆದುಕೊಂಡು ಗಾಜಿನ ಪೆಟ್ಟಿಗೆಯನ್ನು ಒರೆಸತೊಡಗಿದ. ನಾನು "ಯಾರೋ ಏನೋ" ಎಂದದ್ದೂ, ನಕ್ಕದ್ದೂ ನಾಲ್ಕು ಹೆಜ್ಜೆಯಾಚೆ ನಿಂತಿದ್ದ ಅವನಿಗೆ ಕೇಳಿತ್ತು.

ಹೊರಗೆ ಬಂದೆ. "ಅತ್ತೆ, ನಾನು..." ಎಂದು ಶುರು ಮಾಡಿದೆ. ಅವರು ಪೊಟ್ಟಣ ಬಿಚ್ಚಿ, ಒಂದು ಚೂರು ಮುರಿದು ನನ್ನ ಬಾಯಿಗೇ ಇಟ್ಟರು. ಇನ್ನೂ ಬೆಚ್ಚಗಿತ್ತು.

"ರುಚಿ ಇದೆಯೇನೋ?"

ಓಮದ ಘಮ, ಹುರಿದ ಎಳ್ಳು, ಮೆತ್ತಗಿದ್ದ ಬ್ರೆಡ್ಡು. ಎಲ್ಲ ಇತ್ತು. ಇದೆ ಎಂದು ತಲೆಯಾಡಿಸಿದೆ.

"ಹಂಗಾದ್ರೆ ಪ್ರತಿ ಶನಿವಾರ ಬರೋಣ" ಎಂದರು ಅತ್ತೆ. "ನೀನು ಆ ತಿರುವಲ್ಲೇ ನಿಂತಿರು. ನಾನು ಹೋಗಿ ತಗೊಂಡು ಬರ್ತೀನಿ."