ವೆಂಕೋಬನ ಅದಲುಬದಲು

ತಾಯಣ್ಣನಿಗೆ ಇದ್ದದ್ದು ಇಸ್ತ್ರಿ ಮಾಡಿದ ಒಂದೇ ಒಂದು ಬಿಳಿ ಅಂಗಿ. ಆ ದಿನ ಬೆಳಿಗ್ಗೆ ಅದು ಗೂಟದ ಮೇಲೆ ಇರಲಿಲ್ಲ. ಹೆಂಡತಿ ಗೋಪಮ್ಮನನ್ನು ಕೇಳಿದರೆ ಅವಳು ಒಲೆಯ ಮುಂದಿನಿಂದ ಏಳದೆಯೇ, "ನಮ್ಮ ವೆಂಕೋಬ ಹಾಕ್ಕೊಂಡು ಹೋಗ್ಯಾನ್ರಿ. ಗೆಳ್ಯಾರ ಕೂಡ ಫೋಟೊ ತೆಗಿಸ್ಕೊಂತಾನಂತ ಹುಡುಗ. ನಿಮ್ದು ಆ ಕಂದು ಅಂಗಿ ಅದ ಅಲ್ಲ?" ಎಂದಳು.

ಹುಡುಗ ಎಂದರೆ ಇಪ್ಪತ್ತೆಂಟು ವರ್ಷದ ಹುಡುಗ. ಕಂದು ಅಂಗಿಗೆ ಗುಂಡಿಗಳಿರಲಿಲ್ಲ. ತಾಯಣ್ಣ ಒಂದು ಕೈಯಿಂದ ಎದೆ ಮುಚ್ಚಿಕೊಂಡು, ಇನ್ನೊಂದು ಕೈಯಿಂದ ಸೈಕಲ್ ಹಿಡಿದು ಗಿರಣಿಯ ದಾರಿ ಹಿಡಿದ. ಗಿರಣಿ ಮುಟ್ಟುವುದರೊಳಗೆ ಅವನ ತೀರ್ಮಾನ ಗಟ್ಟಿಯಾಗಿತ್ತು. ಇವತ್ತು ಸಂಜೆಯೊಳಗೆ ಭಾವಮೈದುನನನ್ನು ಮಾನ್ವಿಗೆ ದಾಟಿಸದಿದ್ದರೆ ತನ್ನ ಹೆಸರು ತಾಯಣ್ಣನೇ ಅಲ್ಲ.

ದಾಟಿಸುವುದಕ್ಕೆ ದಾರಿಯೂ ಇತ್ತು. ಗಿರಣಿಯ ಸಾಹುಕಾರ ಶರಣಯ್ಯನವರು ಒಮ್ಮೆ ಹೈದರಾಬಾದಿಗೆ ಹೋದವರು ಅಲ್ಲಿ ಬಾಸ್ಕೆಟ್‌ಬಾಲ್ ನೋಡಿ ಮರುಳಾಗಿ ಬಂದಿದ್ದರು. ಹತ್ತಿ ಒಣಹಾಕುವ ಬಯಲಿನಲ್ಲಿ ಎರಡು ಕಂಬ ನೆಡಿಸಿ, ಐದು ಜನರಿಗೆ ಆಡುವುದಕ್ಕೆಂದೇ ಪಗಾರ ಕೊಟ್ಟು ಇಟ್ಟುಕೊಂಡರು. ಅದನ್ನು ನೋಡಿ ಮಾನ್ವಿಯ ಅಕ್ಕಿ ಗಿರಣಿಯವರೂ ತಂಡ ಕಟ್ಟಿದರು, ಸಿರವಾರದವರೂ ಕಟ್ಟಿದರು. ಚಳಿಗಾಲದಲ್ಲಿ ಪಂದ್ಯ. ಮಳೆಗಾಲದಲ್ಲಿ ಗಿರಣಿಯ ಯಂತ್ರ ಬಂದ್, ಆಟವೂ ಬಂದ್; ಕಚೇರಿ ಮಾತ್ರ ತೆರೆದಿರುತ್ತಿತ್ತು. ಆಗ ಎಲ್ಲರಿಗೂ ಒಂದೇ ಕೆಲಸ: ನಿಮ್ಮವನನ್ನು ಕೊಡಿ, ನಮ್ಮವನನ್ನು ತೊಗೊಳ್ಳಿ ಎಂದು ಆಟಗಾರರ ಅದಲುಬದಲು ಮಾಡಿ ಮುರಿದ ತಂಡವನ್ನು ಮತ್ತೆ ಕಟ್ಟುವುದು. ಕಾಲೇಜಿನ ಹಾಸ್ಟೆಲಿನಲ್ಲಿ ಈ ಆಟ ಆಡಿದ್ದ ಗುಮಾಸ್ತ ತಾಯಣ್ಣ ರಾಯಚೂರು ತಂಡದ ಮ್ಯಾನೇಜರ್.

ಎರಡು ದಿನ ಇದ್ದು ಹೋಗುತ್ತೇನೆಂದು ಬಂದ ವೆಂಕೋಬ ಎರಡು ವರ್ಷವಾದರೂ ಹೋಗಿರಲಿಲ್ಲ. ಗೋಪಮ್ಮ ಕಣ್ಣೀರು ಹಾಕಿ ಅವನನ್ನು ತಂಡಕ್ಕೂ ಸೇರಿಸಿದ್ದಳು. ಹೋದ ಚಳಿಗಾಲ ಮಾನ್ವಿಯ ಮೇಲಿನ ಪಂದ್ಯದಲ್ಲಿ ವೆಂಕೋಬ ಅರ್ಧ ಮೈದಾನದಿಂದ ಚೆಂಡು ಎಸೆದು ಸೀದಾ ಬುಟ್ಟಿಗೆ ಹಾಕಿದ. ಬುಟ್ಟಿ ತಮ್ಮದೇ. ಹಾಕಿದ್ದಲ್ಲದೆ ಎರಡೂ ಕೈ ಎತ್ತಿ ಜನಕ್ಕೆ ನಮಸ್ಕಾರ ಬೇರೆ ಮಾಡಿದ. ಮಹಾನವಮಿಯೊಳಗೆ ತಂಡ ನೆಟ್ಟಗಾಗಬೇಕೆಂದು ಸಾಹುಕಾರರು ಅಂದೇ ಹೇಳಿದ್ದರು. ನಿಜ ಹೇಳಬೇಕೆಂದರೆ ತಂಡದ ಚಿಂತೆ ತಾಯಣ್ಣನಿಗೆ ಒಂದು ನೆಪ. ಅವನಿಗೆ ಬೇಕಾಗಿದ್ದದ್ದು ಸ್ವಂತ ಮನೆಯಲ್ಲಿ, ಸ್ವಂತ ಮಂಚದ ಮೇಲೆ, ಯಾರ ಗೊರಕೆಯೂ ಇಲ್ಲದೆ ಮಲಗುವುದು.

ಮಾನ್ವಿಯ ಮ್ಯಾನೇಜರ್ ಶಂಶುದ್ದೀನ್ ಅವತ್ತು ಮಾತುಕತೆಗೆಂದೇ ರಾಯಚೂರಿಗೆ ಬಂದಿದ್ದ. ಗಿರಣಿಯ ಎದುರಿನ ಚಹಾದಂಗಡಿಯಲ್ಲಿ ಕೂತಿದ್ದ. ತಾಯಣ್ಣ ಒಳಗೆ ಹೋಗುವ ಮುಂಚೆ ಯಂಕಣ್ಣ ಅವನ ತೋಳು ಹಿಡಿದು ನಿಲ್ಲಿಸಿದ. ಯಂಕಣ್ಣ ಗಿರಣಿಯಲ್ಲಿ ತೂಕದ ಗುಮಾಸ್ತ, ಮನೆಯಲ್ಲಿ ತಾಯಣ್ಣನ ಪಕ್ಕದ ಗೋಡೆ. ಎರಡೂ ಕಡೆ ಅವನಿಗೆ ತಿಳಿಯದ ಸುದ್ದಿ ಇರಲಿಲ್ಲ.

"ನೋಡು ತಾಯಣ್ಣ, ಕೊಡಬೇಕಂದ್ರ ಮೊದಲು ಹೊಗಳಬೇಕು. ನೀ ಮಾರಿ ಗಂಟು ಹಾಕ್ಕೊಂಡು ಕುಂತ್ರ ಯಾವ ಪುಣ್ಯಾತ್ಮ ತಗೊಂತಾನ? ನಾನೂ ನಾಕು ಕಡಿ ಒಳ್ಳೆ ಮಾತು ಹೇಳ್ತೀನಿ, ಬಿಡು."

"ನೀ ಏನೂ ಹೇಳಬ್ಯಾಡ ಮಾರಾಯಾ," ಎಂದ ತಾಯಣ್ಣ. ಯಂಕಣ್ಣ ಆಗಲೇ ಹೊರಟುಬಿಟ್ಟಿದ್ದ.

ಶಂಶುದ್ದೀನ್ ಮೊದಲ ಮಾತಿಗೇ ಕೈ ಆಡಿಸಿದ. "ವೆಂಕೋಬ ಬ್ಯಾಡಪಾ ಭಾಯ್. ನಿಮ್ಮ ಬುಟ್ಟಿಗೇ ಬಾಲ್ ಹಾಕಿದ್ದು ನಾ ಕಣ್ಣಾರೆ ನೋಡೀನಿ."

"ಎಲ್ಲಿಂದ ಹಾಕಿದ, ಅದನ್ನ ನೋಡಿದ್ರೇನು?" ತಾಯಣ್ಣ ಬೆಂಚಿನ ತುದಿಗೆ ಸರಿದ. "ಅರ್ಧ ಮೈದಾನದಿಂದ! ಅಷ್ಟು ದೂರದಿಂದ ಹಾಕೋವ ನಮ್ಮ ಜಿಲ್ಲಾದಾಗ ಇನ್ನೊಬ್ಬ ಇದ್ರ ತೋರಿಸ್ರಿ. ಗುರಿ ಅದ ಸಾಹೇಬ್ರ. ದಿಕ್ಕು ಒಂದು ತಿದ್ದಬೇಕು, ಅಷ್ಟ."

ಶಂಶುದ್ದೀನ್ ಗಡ್ಡ ಕೆರೆದುಕೊಂಡ. ಮಾತಿನಲ್ಲಿ ಅರ್ಥ ಇದೆ ಅನ್ನಿಸಿತು. "ನನ್ನ ಹತ್ರ ದೇವದುರ್ಗದ ಹುಲಿಗೆಪ್ಪ ಇದ್ದಾನ. ತಾಡಿನ ಗಿಡ ಇದ್ದಂಗ ಇದ್ದಾನ. ಒಂದು ಸಣ್ಣ ಜಿಗಿತ ಜಿಗಿದ್ರ ಬುಟ್ಟಿ ಹಿಡೀತಾನ."

"ಅಂಥವನ್ನ ಮತ್ತ ಯಾಕ ಕೊಡ್ತೀರಿ?"

"ಮಾನ್ವಿ ನೀರು ಒಗ್ಗವಲ್ದಪಾ ಅವಗ," ಎಂದು ಶಂಶುದ್ದೀನ್ ಚಹಾದ ಬಸಿಯಲ್ಲಿ ಮುಖ ಮುಚ್ಚಿಕೊಂಡ.

ತಾಯಣ್ಣನ ಎದೆಯಲ್ಲಿ ಬಾಜಾ ಬಜಂತ್ರಿ ಶುರುವಾಯಿತು. ಇಬ್ಬರೂ ಎದ್ದು ಸಾಹುಕಾರರ ಒಪ್ಪಿಗೆ ಪಡೆಯಲು ಒಳಗೆ ಹೋದರು. ಅಷ್ಟರಲ್ಲಿ ಯಂಕಣ್ಣನ ಒಳ್ಳೆಯ ಮಾತುಗಳು ಅವರಿಗಿಂತ ಮುಂಚೆಯೇ ಅಲ್ಲಿಗೆ ಹೋಗಿ ಗಾದಿಯ ಮೇಲೆ ಕೂತಿದ್ದವು.

"ಏನೋ ತಾಯಣ್ಣ," ಸಾಹುಕಾರರು ಲೋಡಿಗೆ ಒರಗಿದ್ದವರು ನೆಟ್ಟಗಾದರು. "ವೆಂಕೋಬ ಮುತ್ತಿನಂಥ ಆಟಗಾರ, ಅರ್ಧ ಮೈದಾನದಿಂದ ಹಾಕೋವ ಅವನಂಥವ ಜಿಲ್ಲಾದಾಗ ಇಲ್ಲ ಅಂತ ಯಂಕಣ್ಣ ಹೇಳಾಕತ್ಯಾನ. ನೀನೂ ಹಂಗ ಅಂದಿಯಂತ. ಮುತ್ತು ಕೊಟ್ಟು ಬರೋದಕ್ಕೇನು ನಿನ್ನ ಮ್ಯಾನೇಜರ್ ಮಾಡಿದ್ದು? ಬ್ಯಾರೆ ಯಾರನ್ನರ ಕೊಡು. ವೆಂಕೋಬ ಇಲ್ಲೇ ಇರ್ಲಿ."

ತಾಯಣ್ಣ ಇಕ್ಕಟ್ಟಿಗೆ ಸಿಕ್ಕಿಬಿದ್ದ. ವೆಂಕೋಬ ದಂಡಪಿಂಡ ಎಂದು ಸಾಹುಕಾರರಿಗೆ ಹೇಳೋಣವೆಂದರೆ ಮಗ್ಗುಲಲ್ಲಿ ಶಂಶುದ್ದೀನ್ ನಿಂತಿದ್ದಾನೆ. ಶಂಶುದ್ದೀನ್ ಕಿವಿಗೆ ಬೀಳದಂತೆ ಹೇಳೋಣವೆಂದರೆ ಸಾಹುಕಾರರಿಗೆ ಕಿವಿ ಮಂದ. ಕಂದು ಅಂಗಿಯನ್ನು ಎದೆಯ ಮೇಲೆ ಬಿಗಿಯಾಗಿ ಹಿಡಿದುಕೊಂಡು ಅವನು ನೀರಮಾನ್ವಿಯ ಎಲ್ಲಮ್ಮನನ್ನು ನೆನೆದ. ತಾಯಿ ಕೈ ಬಿಡಲಿಲ್ಲ.

"ಮುತ್ತು ಹೌದ್ರೀ ಯಪ್ಪಾ," ಎಂದ ದೊಡ್ಡ ದನಿಯಲ್ಲಿ. "ಆದ್ರ ತಾನು ಮುತ್ತು ಅಂತ ಅವಗೂ ಗೊತ್ತಾಗ್ಯದ. ದೀಪಾವಳಿಯಿಂದ ಡಬಲ್ ಪಗಾರ ಕೇಳಾಂವ ಇದ್ದಾನ."

ಸಾಹುಕಾರರು ಮತ್ತೆ ಲೋಡಿಗೆ ಒರಗಿದರು. "ಹಂಗಾದ್ರ ಕೊಟ್ಟುಬಿಡು. ಇವತ್ತೇ ಕೊಡು."

ಶಂಶುದ್ದೀನನಿಗೂ ಈಗ ನಂಬಿಕೆ ಬಂತು. ಡಬಲ್ ಪಗಾರ ಕೇಳುವವನಲ್ಲಿ ಏನೋ ಇರಲೇಬೇಕು. ಅವನ ಅಪ್ಪ ದನದ ಸಂತೆಯ ದಲಾಲ; ಎಂಥ ವ್ಯವಹಾರವಾದರೂ ಟವೆಲಿನ ಕೆಳಗೆ ಬೆರಳು ಹಿಡಿದು ಮುಗಿಸಿದರೇ ಅವನಿಗೆ ಸಮಾಧಾನ. ಹೆಗಲ ಮೇಲಿನ ಟವೆಲು ತೆಗೆದು ಇಬ್ಬರ ಕೈಗಳ ಮೇಲೆ ಹೊದಿಸಿದ. ತಾಯಣ್ಣ ವೆಂಕೋಬನ ಪರವಾಗಿ ಕಿರುಬೆರಳು ಕೊಟ್ಟ. ಶಂಶುದ್ದೀನ್ ಹುಲಿಗೆಪ್ಪನ ಪರವಾಗಿ ಹೆಬ್ಬೆರಳು ಕೊಟ್ಟ. ಕೊನೆಗೆ ತಾಯಣ್ಣನ ಇಡೀ ಮುಷ್ಟಿಯನ್ನು ಹಿಡಿದು ಒಮ್ಮೆ ಅದುಮಿ, "ಒಪ್ಪಿಗಿ ಅದ ಅಲ್ಲ?" ಎಂದು ಕೇಳಿದ. ಅದುಮಿದ್ದು ಯಾಕೆಂದು ತಾಯಣ್ಣನಿಗೆ ತಿಳಿಯಲಿಲ್ಲ. ಕೇಳುವ ವ್ಯವಧಾನವೂ ಇರಲಿಲ್ಲ. ಮೂರು ಸಲ ತಲೆ ಆಡಿಸಿದ.

ಮನೆಗೆ ಬಂದರೆ ಯಂಕಣ್ಣನ ಕೃಪೆಯಿಂದ ಸುದ್ದಿ ಅಲ್ಲಿಗೂ ಮುಟ್ಟಿತ್ತು. ಗೋಪಮ್ಮ ತಲೆಯ ಮೇಲೆ ಕೈ ಹೊತ್ತು ಕೂತಿದ್ದಳು. ಎದುರು ಮನೆಯ ವಾಹಿದಾ ಅವಳ ಬೆನ್ನು ಸವರುತ್ತಿದ್ದಳು.

"ನನ್ನ ತಮ್ಮನ್ನ ಟವೆಲ್ ಕೆಳಗ ಮಾರಿ ಬಂದ್ರೇನ್ರಿ?" ಎಂದಳು ಗೋಪಮ್ಮ.

"ಮಾರಿಲ್ಲ ಮಾರಾಯ್ತಿ. ಅವನ ಏಳ್ಗಿ ನೋಡಿ ಕಳಿಸಾಕತ್ತೀನಿ. ಪಗಾರ ಹೆಚ್ಚು ಕೊಡ್ತಾರ."

ಫೋಟೊ ಮುಗಿಸಿ ಬಂದಿದ್ದ ವೆಂಕೋಬ ಮಾತ್ರ ಮುಖ ಸಪ್ಪೆ ಮಾಡಲಿಲ್ಲ. ಟ್ರಂಕು ತುಂಬಿಕೊಂಡು, ತಾಯಣ್ಣನ ಬಿಳಿ ಅಂಗಿಯಲ್ಲೇ ಶಂಶುದ್ದೀನನ ಜೀಪು ಹತ್ತಿದ. ಅಂಗಿ ಹೋದರೆ ಹೋಗಲಿ ಎಂದುಕೊಂಡ ತಾಯಣ್ಣ. ಮಧ್ಯಾಹ್ನ ಜೀಪು ಓಣಿ ದಾಟಿದ ಮೇಲೆ ಪಡಸಾಲೆಯ ಮಂಚದ ಮೇಲೆ ಕಾಲು ಚಾಚಿ ಮಲಗಿದ. ಎರಡು ವರ್ಷದಲ್ಲಿ ಅಷ್ಟು ಸುಖವಾದ ನಿದ್ದೆ ಅವನು ಮಾಡಿರಲಿಲ್ಲ.

ಬಾಗಿಲಲ್ಲಿ ಕತ್ತಲಾದಂತಾಗಿ ಎಚ್ಚರವಾಯಿತು. ಹೊತ್ತು ಇನ್ನೂ ಮುಳುಗಿರಲಿಲ್ಲ. ಬೆಳಕಿಗೆ ಅಡ್ಡ ನಿಂತಿದ್ದವನು, ಅದೇ ಜೀಪಿನಲ್ಲಿ ಮಾನ್ವಿಯಿಂದ ಬಂದಿಳಿದ ಹುಲಿಗೆಪ್ಪ. ಹೆಗಲ ಮೇಲೆ ಹಾಸಿಗೆ, ಕೈಯಲ್ಲಿ ಟ್ರಂಕು. ಸೊಂಟ ಬಗ್ಗಿಸಿ ಒಳಗೆ ಬಂದು, "ಸಾಹುಕಾರ್ರು ಕಳಿಸ್ಯಾರ್ರಿ. ಊಟ, ವಸತಿ ನಿಮ್ಮಲ್ಲೇ ಅಂದ್ರು," ಎಂದ ಬಹಳ ವಿನಯದಿಂದ.

"ನಮ್ಮಲ್ಲಿ? ಯಾರು ಒಪ್ಪಿದ್ರು?"

"ನೀನೇ ಒಪ್ಪೀದಿ," ಎಂದ, ದಾರಿ ತೋರಿಸಲು ಜೊತೆಗೇ ಬಂದಿದ್ದ ಯಂಕಣ್ಣ. "ಮುಷ್ಟಿ ಹಿಡಿದು ಅದುಮಿದ್ರ ಮೇವು ಸಮೇತ ಅಂತ. ದನದ ಸಂತ್ಯಾಗ ಸಣ್ಣ ಹುಡುಗ್ರಿಗೂ ಗೊತ್ತದ. ಸಾಹುಕಾರ್ರಿಗೆ ಕೇಳಿದೆ. ಮುಷ್ಟಿ ಯಾರು ಕೊಟ್ಟಾರೋ ಮೇವು ಅವರದು ಅಂದ್ರು."

ಮಾನ್ವಿಯಲ್ಲಿ ಒಗ್ಗದೇ ಇದ್ದದ್ದು ಹುಲಿಗೆಪ್ಪನಿಗೆ ನೀರಲ್ಲ, ಅಲ್ಲಿಯವರಿಗೆ ಅವನ ಊಟ ಎಂಬುದು ತಾಯಣ್ಣನಿಗೆ ಬೇಗನೆ ತಿಳಿಯಿತು. ಗೋಪಮ್ಮ ಬಡಿದು ಹಾಕಿದ ರೊಟ್ಟಿ ಬುಟ್ಟಿಗೆ ಬೀಳುವ ಮುಂಚೆಯೇ ಮಾಯವಾಗುತ್ತಿತ್ತು. ಆದರೂ ತಾಯಣ್ಣ ಎದೆ ಗಟ್ಟಿ ಮಾಡಿಕೊಂಡ. ಇವನು ಹೊರಗಿನವನು. ನಾಳೆ ಸಾಹುಕಾರರ ಕಾಲು ಹಿಡಿದು ಗಿರಣಿಯಲ್ಲೇ ಒಂದು ಖೋಲಿ ಕೊಡಿಸಿದರಾಯಿತು. ವೆಂಕೋಬನಂತೂ ಹೋದನಲ್ಲ, ಅಷ್ಟು ಸಾಕು.

ದೀಪ ಹಚ್ಚುವ ಹೊತ್ತಿಗೆ ಓಣಿಯಲ್ಲಿ ಟ್ರಂಕು ಬಡಿದ ಸದ್ದಾಯಿತು. "ಅಕ್ಕಾ!" ಎನ್ನುತ್ತ ಬಿಳಿ ಅಂಗಿ ಒಳಗೆ ಬಂತು.

"ಯಾಕ ಬಂದಿ?" ತಾಯಣ್ಣ ಟ್ರಂಕು ನೋಡುತ್ತ ಕೇಳಿದ.

"ಬಸ್ ಪಾಸ್ ಮಾಡಿಸಿ ಕೊಟ್ಟಾರ ಮಾವಾ. ಪಗಾರ ಹೆಚ್ಚು ಮಾಡ್ಯಾರ. ಅಕ್ಕನ ಮನಿ ಇಟ್ಕೊಂಡು ಮಾನ್ವ್ಯಾಗ ಖೋಲಿ ಯಾಕ ಹಿಡೀಲಿ? ದಿನಾ ಹೋಗಿ ಬಂದು ಮಾಡ್ತೀನಿ. ಶಂಶುದ್ದೀನ್ ಸಾಹೇಬ್ರಿಗೂ ಖುಷಿ ಆತು. ರಾಯಚೂರಿನವ್ರು ಏನೇನು ತಯಾರಿ ಮಾಡಾಕತ್ತಾರ, ರಾತ್ರಿ ಉಣ್ಣೋ ಮುಂದ ಕೇಳ್ಕೊಂಡು ಮುಂಜಾನಿ ಬಂದು ಹೇಳು ಅಂದ್ರು."

ಗೋಪಮ್ಮನ ಮುಖ ಅರಳಿತು. ಗಂಡನ ಕಡೆ ತಿರುಗಿ, "ನಿಮ್ಮ ಬಗ್ಗಿ ಏನೇನೋ ಅಂದ್ಕೊಂಡಿದ್ನಿ ನೋಡ್ರಿ," ಎಂದು ಮೆಚ್ಚುಗೆಯಿಂದ ನೋಡಿದಳು. ವೆಂಕೋಬ ಕೈಕಾಲು ತೊಳೆದು ಬಂದು ಹುಲಿಗೆಪ್ಪನ ಮಗ್ಗುಲಲ್ಲಿ ಕೂತ. ಅವರಿಬ್ಬರ ಮೊಣಕಾಲಿಗೆ ಅಡುಗೆಮನೆ ತುಂಬಿಹೋಯಿತು. ತಾಯಣ್ಣ ಹೊಸ್ತಿಲ ಹೊರಗೆ, ಕಂದು ಅಂಗಿಯನ್ನು ಎದೆಗೆ ಹಿಡಿದುಕೊಂಡು ನಿಂತೇ ಇದ್ದ.

ವೆಂಕೋಬ ಮೊದಲ ತುತ್ತು ನುಂಗಿ ತಲೆ ಎತ್ತಿ ನೋಡಿದ. ಅವನಿಗೆ ಪಾಪ ಅನ್ನಿಸಿತು.

"ಅಲ್ಲೇ ಯಾಕ ನಿಂತೀರಿ ಮಾವಾ? ಬರ್ರಿ, ಸಂಕೋಚ ಮಾಡಬ್ಯಾಡ್ರಿ. ನಿಮ್ಮನಿ ಅಂತನೇ ತಿಳ್ಕೊಂಡು ಉಣ್ರಿ."